ತೋಳಿನಿಂದ ಹಸು ಹುಟ್ಟಿದ ಚಿತ್ರ

ನಮ್ಮಜ್ಜಿಯ ಎಡತೋಳಿನಲ್ಲಿ ಗುಂಡನೆಯ ಎರಡು ಕಲೆಗಳಿದ್ದವು. ಅಂಚು ಸುಕ್ಕುಗಟ್ಟಿ, ನಡುವೆ ತುಸು ತಗ್ಗಾಗಿದ್ದ ಆ ಕಲೆಗಳನ್ನು ನಾವು ಮೊಮ್ಮಕ್ಕಳು ಮುಟ್ಟಿ ಮುಟ್ಟಿ ನೋಡುತ್ತಿದ್ದೆವು. ‘ದೇವಿ ಹಾಕಿಸಿದ ಗುರುತು ಕಣೋ’ ಎನ್ನುತ್ತಿದ್ದರು ಅಜ್ಜಿ. ದೇವಿ ಎಂದರೆ ಸಿಡುಬು, ಹಾಕಿಸಿದ್ದು ಅದರ ಲಸಿಕೆ. ಆ ಗುರುತಿನ ಇತಿಹಾಸವನ್ನು ಹುಡುಕಿಕೊಂಡು ಹೊರಟಾಗ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ವ್ಯಂಗ್ಯಚಿತ್ರ. 1802ರ ಜೂನ್ 12ರಂದು ಲಂಡನ್ನಿನಲ್ಲಿ ಪ್ರಕಟವಾದದ್ದು, ಜೇಮ್ಸ್ ಗಿಲ್ರೇ ಎಂಬ ಕಲಾವಿದ ಬರೆದದ್ದು.

ಚಿತ್ರದ ನಡುವೆ ಹೆಂಗಸೊಬ್ಬಳು ಕುರ್ಚಿಯಲ್ಲಿ ಬೆದರಿ ಕುಳಿತಿದ್ದಾಳೆ. ವೈದ್ಯ ಅವಳ ತೋಳು ಹಿಡಿದು ಚೂರಿಯ ಮೊನೆಯಿಂದ ಗೀರುತ್ತಿದ್ದಾನೆ. ಇವನೇ ದನದ ಸಿಡುಬಿನಿಂದ ಲಸಿಕೆ ಮಾಡಿದ ಎಡ್ವರ್ಡ್ ಜೆನ್ನರ್ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಪಕ್ಕದಲ್ಲಿ ಬಡ ಹುಡುಗನೊಬ್ಬ ಪಾತ್ರೆ ಹಿಡಿದು ನಿಂತಿದ್ದಾನೆ. ಅದರಲ್ಲಿರುವುದು ಹಸುವಿನಿಂದ ಆಗತಾನೇ ತೆಗೆದ ಸಿಡುಬಿನ ರಸ ಎಂದು ಪಾತ್ರೆಯ ಮೇಲೇ ಬರೆದಿದೆ. ಬಲಗಡೆ, ಆಗಲೇ ಲಸಿಕೆ ಹಾಕಿಸಿಕೊಂಡವರ ಗುಂಪು. ಒಬ್ಬನ ತೋಳು ಊದಿ, ಒಡೆದು, ಅದರೊಳಗಿಂದ ಹಸುವೊಂದು ತಲೆ ಹೊರಹಾಕಿದೆ. ಇನ್ನೊಬ್ಬಳ ಬಾಯಿಂದ ಹಸು ಇಳಿಯುತ್ತಿದೆ. ಮತ್ತೊಬ್ಬಳ ಹಣೆಯಲ್ಲಿ ಕೋಡು ಮೂಡಿದೆ. ಹಿಂದಿನ ಗೋಡೆಯಲ್ಲಿ, ಬೈಬಲ್ಲಿನ ಚಿನ್ನದ ಕರುವಿಗೆ ಜನ ಅಡ್ಡಬೀಳುತ್ತಿರುವ ಒಂದು ಪಟ. ಮೊದಲ ನೋಟಕ್ಕೆ ನಗು ಬರುತ್ತದೆ. ಎರಡನೆಯ ಸಲ ನೋಡಿದರೆ ಕುರ್ಚಿಯಲ್ಲಿರುವವಳ ಕಣ್ಣುಗಳಿಂದ ನಮ್ಮ ಕಣ್ಣು ಕೀಳಲಾಗುವುದಿಲ್ಲ.

ಇಂಥ ಅಚ್ಚುಗಳು ಆಗಿನ ಲಂಡನ್ನಿನ ದಿನಬಳಕೆಯ ವಸ್ತುಗಳಾಗಿದ್ದವು. 1714ರಿಂದ 1830ರವರೆಗೆ ಜಾರ್ಜ್ ಎಂಬ ಹೆಸರಿನ ನಾಲ್ವರು ದೊರೆಗಳು ಒಬ್ಬರಾದ ಮೇಲೊಬ್ಬರು ಬ್ರಿಟನ್ನನ್ನು ಆಳಿದರು. ಆ ಕಾಲಕ್ಕೆ ಜಾರ್ಜಿಯನ್ ಯುಗವೆಂದು ಹೆಸರು. ಅದರ ಕೊನೆಯ ಅರ್ಧದಲ್ಲಿ ವ್ಯಂಗ್ಯಚಿತ್ರದ ಅಂಗಡಿಗಳು ಪ್ರಬಲವಾಗಿ ಬೆಳೆದವು. ಗಿಲ್ರೇಯ ಪ್ರಕಾಶಕಿ ಹ್ಯಾನಾ ಹಂಫ್ರಿ ಎಂಬ ಹೆಂಗಸು. ಸೇಂಟ್ ಜೇಮ್ಸ್ ಬೀದಿಯಲ್ಲಿ ಕೆಳಗೆ ಅವಳ ಅಂಗಡಿ, ಮೇಲೆ ಇವನ ವಾಸ. ಬಣ್ಣ ಹಾಕದ ಅಚ್ಚಿಗೆ ಒಂದು ಶಿಲಿಂಗ್, ಬಣ್ಣದ್ದಕ್ಕೆ ಎರಡು ಅಥವಾ ಇನ್ನೂ ಹೆಚ್ಚು. ಕೂಲಿಯಾಳಿಗೆ ಅದು ಹೆಚ್ಚುಕಡಿಮೆ ಒಂದು ದಿನದ ದುಡಿಮೆ. ಕೊಳ್ಳಲಾರದವರಿಗೆ ಅಂಗಡಿಯ ಕಿಟಕಿ ಇತ್ತು. ಹೊಸ ಅಚ್ಚನ್ನು ಗಾಜಿನ ಹಿಂದೆ ಅಂಟಿಸಿದರೆ ಬೀದಿಯಲ್ಲಿ ಜನ ಮುತ್ತಿಕೊಳ್ಳುತ್ತಿದ್ದರು, ಅಕ್ಷರ ಬಾರದವರೂ ಕೂಡ.

ಈ ಚಿತ್ರಗಳ ತಯಾರಿಕೆಯಲ್ಲಿದ್ದ ರಸಾಯನಶಾಸ್ತ್ರ ನನಗೆ ಬಹಳ ಇಷ್ಟ. ಉಜ್ಜಿ ಕನ್ನಡಿಯಂತೆ ಮಾಡಿದ ತಾಮ್ರದ ತಗಡನ್ನು ಬಿಸಿ ಮಾಡಿ, ಮೇಣ ಮತ್ತು ರಾಳ ಬೆರೆಸಿದ ತೆಳ್ಳನೆಯ ಲೇಪ ಹಚ್ಚುತ್ತಿದ್ದರು. ಅದನ್ನು ಮೇಣದ ಬತ್ತಿಯ ಹೊಗೆಗೆ ಹಿಡಿದು ಕಪ್ಪಾಗಿಸುತ್ತಿದ್ದರು. ಈಗ ಸೂಜಿ ಹಿಡಿದು ಗೀಚಿದರೆ ಕಪ್ಪಿನ ನಡುವೆ ತಾಮ್ರ ಕೆಂಪಗೆ ಹೊಳೆಯುತ್ತದೆ. ಗೀಚಿಗೆ ಬಲ ಬೇಕಾಗಿಲ್ಲ, ಏಕೆಂದರೆ ಸೂಜಿ ಲೇಪವನ್ನಷ್ಟೇ ಸರಿಸುತ್ತದೆ. ಲೋಹವನ್ನು ಕೊರೆಯುವುದು ಆಮ್ಲದ ಕೆಲಸ. ನೀರು ಬೆರೆಸಿದ ನೈಟ್ರಿಕ್ ಆಮ್ಲವನ್ನು ಸುರಿದರೆ ಬಯಲಾದ ಗೆರೆಗಳಲ್ಲೆಲ್ಲ ಸಣ್ಣ ಗುಳ್ಳೆಗಳು ಏಳುತ್ತವೆ, ದ್ರವ ಮೆಲ್ಲಗೆ ನೀಲಿಗೆ ತಿರುಗುತ್ತದೆ. ಆ ನೀಲಿ, ತಗಡಿನಿಂದ ಕರಗಿ ಬಂದ ತಾಮ್ರ. ಗುಳ್ಳೆಗಳು ಗೆರೆಯಲ್ಲೇ ಕುಳಿತರೆ ಅಲ್ಲಿ ಆಮ್ಲ ತಾಗದು, ಹಾಗಾಗಿ ಹಕ್ಕಿಯ ಗರಿಯಿಂದ ಅವನ್ನು ಸವರಿ ತೆಗೆಯುತ್ತಿದ್ದರು. ತಿಳಿಯಾಗಿ ಉಳಿಯಬೇಕಾದ ಗೆರೆಗಳಿಗೆ ನಡುವೆಯೇ ವಾರ್ನಿಷ್ ಬಳಿದು ಮುಚ್ಚಿ, ಉಳಿದವನ್ನು ಮತ್ತೆ ಆಮ್ಲಕ್ಕೆ ಒಡ್ಡಿದರೆ ಅವು ಇನ್ನೂ ಆಳವಾಗುತ್ತವೆ. ಆಳವಾದ ಗೆರೆ ಹೆಚ್ಚು ಶಾಯಿ ಹಿಡಿಯುತ್ತದೆ, ಹಾಗಾಗಿ ಹೆಚ್ಚು ಕಪ್ಪಾಗಿ ಮೂಡುತ್ತದೆ. ಕೊನೆಗೆ ಶಾಯಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಕಾಗದವನ್ನಿಟ್ಟು ಎರಡು ಉರುಳೆಗಳ ನಡುವೆ ಹಾಯಿಸುವುದು. ಕಾಗದದ ಮೇಲೆ ಚಿತ್ರ ಎಡಬಲ ಅದಲುಬದಲಾಗಿ ಮೂಡುವುದರಿಂದ, ತಗಡಿನ ಮೇಲೆ ಅಕ್ಷರಗಳನ್ನೂ ಉಲ್ಟಾ ಬರೆಯಬೇಕು. ಗಿಲ್ರೇಯ ಚಿತ್ರಗಳಲ್ಲಿ ಸಣ್ಣಕ್ಷರದ ಮಾತುಗಳು ಕಿಕ್ಕಿರಿದಿರುತ್ತವೆ ಎಂಬುದನ್ನು ನೆನೆದರೆ ಆ ಕೈಯ ಹಿಡಿತ ಎಂಥದ್ದಿರಬೇಕು!

ಉಳಿಯಿಂದ ಲೋಹವನ್ನು ಕೊರೆಯುವುದಕ್ಕಿಂತ ಈ ವಿಧಾನ ಎಷ್ಟೋ ಬೇಗ ಮುಗಿಯುತ್ತಿತ್ತು. ಸಂಸತ್ತಿನಲ್ಲಿ ನಡೆದ ಜಗಳ ಕೆಲವೇ ದಿನಗಳಲ್ಲಿ ಕಿಟಕಿಯಲ್ಲಿ ತೂಗುತ್ತಿತ್ತು. ದೂರದ ಸುದ್ದಿಗೆ ಮಾತ್ರ ಹಡಗನ್ನೇ ಕಾಯಬೇಕು. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ತನಕ ಬಂದಿದ್ದ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್ ಮಳೆ, ಹಸಿವು ಮತ್ತು ಸಾಯುತ್ತಿದ್ದ ಎತ್ತುಗಳ ಕಾರಣದಿಂದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಿದ. ಗಿಲ್ರೇ ಆ ಹಿಮ್ಮೆಟ್ಟುವಿಕೆಯನ್ನು ಬರೆದದ್ದು ಡಿಸೆಂಬರಿನಲ್ಲಿ. ಕೋಟೆಯ ಮೇಲೆ ಟಿಪ್ಪು ನಿಂತಿದ್ದಾನೆ, ಕೆಳಗೆ ಇಂಗ್ಲಿಷರು ಓಡುತ್ತಿದ್ದಾರೆ, ಅವರ ಮೇಲೆ ಸುರಿಯುವ ‘ಮುಂಗಾರು’ ಟಿಪ್ಪುವಿನ ಮೂತ್ರ. ತನ್ನ ದೇಶದ ಸೇನಾಪತಿಯನ್ನೇ ಹೀಗೆ ಬರೆದು ಪೇಟೆಯಲ್ಲಿ ಮಾರಬಹುದಾಗಿದ್ದ ಸ್ವಾತಂತ್ರ್ಯ ಆಗಿನ ಯುರೋಪಿನಲ್ಲಿ ಅಪರೂಪದ್ದು.

ಬೀದಿಯಲ್ಲಿ ನಿಂತವರು ಚಿತ್ರದ ವ್ಯಕ್ತಿಗಳನ್ನು ತಟ್ಟನೆ ಗುರುತಿಸುತ್ತಿದ್ದರು. ಪ್ರಧಾನಿ ಪಿಟ್ ಎಂದರೆ ಕಡ್ಡಿಯಂಥ ಮೈ, ಮೇಲೆತ್ತಿದ ಚೂಪು ಮೂಗು. ಅವನ ಎದುರಾಳಿ ಫಾಕ್ಸ್ ಎಂದರೆ ದಪ್ಪ ಹುಬ್ಬು, ಜೋತ ಗಲ್ಲ, ಕ್ಷೌರವಿಲ್ಲದ ಗಡ್ಡ. ನಮ್ಮ ಹಳ್ಳಿಗಳಲ್ಲಿ ಅಡ್ಡಹೆಸರಿಡುವ ರೀತಿಯೂ ಇದೇ: ಇಡೀ ಮನುಷ್ಯನಲ್ಲಿ ಎಲ್ಲರಿಗಿಂತ ಬೇರೆಯಾದದ್ದು ಯಾವುದೋ ಅದನ್ನಷ್ಟೇ ಹೆಕ್ಕಿಕೊಳ್ಳುವುದು. ಮಿದುಳು ಮುಖವನ್ನು ನೆನಪಿಟ್ಟುಕೊಳ್ಳುವುದೂ ಹೀಗೆಯೇ ಇರಬೇಕೆಂಬ ಊಹೆ ವಿಜ್ಞಾನಿಗಳಿಗಿದೆ. ಕಂಡ ಮುಖಗಳೆಲ್ಲ ಸೇರಿ ಮನಸ್ಸಿನಲ್ಲೊಂದು ಸರಾಸರಿ ಮುಖ ಮೂಡಿರುತ್ತದೆ. ಪ್ರತಿ ಮುಖವೂ ಆ ಸರಾಸರಿಯಿಂದ ಎತ್ತ, ಎಷ್ಟು ಸರಿದಿದೆ ಎಂಬ ಲೆಕ್ಕವಾಗಿ ದಾಖಲಾಗುತ್ತದೆ. 1980ರ ದಶಕದಲ್ಲಿ ಸೂಸನ್ ಬ್ರೆನನ್ ಈ ಲೆಕ್ಕವನ್ನೇ ಕಂಪ್ಯೂಟರಿಗೆ ಕಲಿಸಿದರು: ಸರಾಸರಿ ಮುಖದಿಂದ ಇರುವ ವ್ಯತ್ಯಾಸವನ್ನು ಅಳೆದು, ಅದನ್ನು ಹಿಗ್ಗಿಸಿ ಬರೆಯುವುದು. 1987ರಲ್ಲಿ ಗಿಲಿಯನ್ ರೋಡ್ಸ್ ಮತ್ತು ಸಂಗಡಿಗರು ಪರಿಚಿತರ ಮುಖಗಳನ್ನು ಈ ವಿಧಾನದಲ್ಲಿ ಬರೆಸಿ ತೋರಿಸಿದಾಗ, ಜನ ನಿಖರವಾದ ರೇಖಾಚಿತ್ರಕ್ಕಿಂತ ಹಿಗ್ಗಿಸಿದ ಚಿತ್ರವನ್ನೇ ಬೇಗ ಗುರುತಿಸಿದರು. ಛಾಯಾಚಿತ್ರಗಳಲ್ಲಿ ಈ ಪರಿಣಾಮ ಇಷ್ಟು ಎದ್ದು ಕಾಣುವುದಿಲ್ಲ, ಗೆರೆಗಳಲ್ಲಿ ಕಾಣುತ್ತದೆ. ಗಿಲ್ರೇಯ ಸೂಜಿ ಇನ್ನೂರು ವರ್ಷಗಳ ಹಿಂದೆ ಬಳಸಿದ್ದು ಇದೇ ಗುಟ್ಟು.

ಆ ಸೂಜಿ ಮಾಡಿದ ಅನ್ಯಾಯವೂ ಉಂಟು. 1803ರಿಂದ ಗಿಲ್ರೇ ನೆಪೋಲಿಯನ್ನನನ್ನು ದೊಡ್ಡ ಬೂಟಿನೊಳಗೆ ಹೂತುಹೋದ, ರಂಪ ಮಾಡುವ ಕುಳ್ಳನಾಗಿ ಬರೆಯತೊಡಗಿದ. ನಿಜವಾದ ನೆಪೋಲಿಯನ್ ಸುಮಾರು 168 ಸೆಂಟಿಮೀಟರ್ ಎತ್ತರವಿದ್ದ, ಆ ಕಾಲದ ಫ್ರೆಂಚ್ ಗಂಡಸರಲ್ಲಿ ಸಾಧಾರಣ ನಿಲುವು. ಹಳೆಯ ಫ್ರೆಂಚ್ ಅಳತೆಯ ಅಡಿ ಇಂಗ್ಲಿಷ್ ಅಡಿಗಿಂತ ಉದ್ದವಾದ್ದರಿಂದಲೂ ಗೊಂದಲವಾಯಿತು. ಆದರೂ ಇವತ್ತು ಯಾರನ್ನಾದರೂ ಕೇಳಿ ನೋಡಿ, ನೆಪೋಲಿಯನ್ ಕುಳ್ಳ ಎಂದೇ ಹೇಳುತ್ತಾರೆ.

ಈಗ ಹಸುವಿನ ಚಿತ್ರಕ್ಕೆ ಮರಳೋಣ. ಸಿಡುಬು ಆಗ ತಗುಲಿದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರನ್ನು ಕೊಲ್ಲುತ್ತಿತ್ತು. ಬದುಕಿದವರ ಮುಖ ಕಚ್ಚು ಬೀಳುತ್ತಿತ್ತು, ಕೆಲವರ ಕಣ್ಣು ಹೋಗುತ್ತಿತ್ತು. 1796ರ ಮೇ 14ರಂದು ಜೆನ್ನರ್, ಹಾಲು ಕರೆಯುವವಳೊಬ್ಬಳ ಕೈಯ ದನದ ಸಿಡುಬಿನ ಹುಣ್ಣಿನಿಂದ ರಸ ತೆಗೆದು ಎಂಟು ವರ್ಷದ ಹುಡುಗನ ತೋಳಿಗೆ ಹಾಕಿದ. 1802ರ ಹೊತ್ತಿಗೆ ಈ ಕ್ರಮ ಯುರೋಪಿನಾದ್ಯಂತ ಹಬ್ಬಿತ್ತು, ಸಂಸತ್ತು ಜೆನ್ನರ್‌ಗೆ 10,000 ಪೌಂಡ್ ಕೊಡುವುದೆಂದು ನಿರ್ಧರಿಸಿತ್ತು. ಜತೆಗೇ ಭಯವೂ ಹಬ್ಬಿತ್ತು: ಪಶುವಿನ ಕೀವು ಮನುಷ್ಯನ ಮೈಯೊಳಗೆ ಹೋದರೆ ಮನುಷ್ಯ ಮನುಷ್ಯನಾಗಿ ಉಳಿಯುತ್ತಾನೆಯೇ? ಅಲ್ಲಿಯವರೆಗೆ ಮಾತಾಗಿದ್ದ ಈ ಭಯಕ್ಕೆ ಗಿಲ್ರೇ ಕೋಡು ಕೊಟ್ಟ, ಬಾಲ ಕೊಟ್ಟ.

ಅವನು ಲಸಿಕೆಯನ್ನು ಗೇಲಿ ಮಾಡಿದನೋ, ಲಸಿಕೆಗೆ ಹೆದರಿದವರನ್ನೋ? ಚಿತ್ರದ ಕೆಳಗೆ ‘ಲಸಿಕೆ ವಿರೋಧಿ ಸಂಘದ ಪ್ರಕಟಣೆಗಳನ್ನು ನೋಡಿ’ ಎಂಬ ಸಾಲಿದೆ. ಅದನ್ನು ಓದಿದರೆ ಅವನು ನಕ್ಕದ್ದು ಹೆದರಿದವರ ಕಟ್ಟುಕತೆಗಳಿಗೆ ಎಂದೇ ನನ್ನ ಅಭಿಪ್ರಾಯ. ಆದರೆ ಆ ಸಾಲು ಸಣ್ಣದು, ಹಸುಗಳು ದೊಡ್ಡವು. ಕಿಟಕಿಯ ಮುಂದೆ ನಿಂತ, ಓದು ಬಾರದ ತಾಯಿ ಆ ಸಾಲನ್ನು ಕಾಣಲೇ ಇಲ್ಲ. ಓದಬಲ್ಲವರಿಗೂ ಚಿತ್ರ ಉಳಿದಷ್ಟು ಮಾತು ಉಳಿಯುವುದಿಲ್ಲ: 1973ರಲ್ಲಿ ಲಯೊನೆಲ್ ಸ್ಟ್ಯಾಂಡಿಂಗ್ ಎಂಬ ಮನೋವಿಜ್ಞಾನಿ ಜನರಿಗೆ 10,000 ಚಿತ್ರಗಳನ್ನು ಒಂದೊಂದೇ ಸಲ ತೋರಿಸಿ ಆಮೇಲೆ ಪರೀಕ್ಷಿಸಿದಾಗ, ಹೊಸ ಚಿತ್ರದ ಪಕ್ಕದಲ್ಲಿಟ್ಟ ಹಳೆಯ ಚಿತ್ರವನ್ನು ಅವರು ನೂರಕ್ಕೆ ಸುಮಾರು 83 ಸಲ ಸರಿಯಾಗಿ ಗುರುತಿಸಿದರು. ಗಿಲ್ರೇಯ ಅಚ್ಚು ಬಂದು ಮೂರು ವರ್ಷಕ್ಕೆ, 1805ರಲ್ಲಿ, ವಿಲಿಯಂ ರೌಲಿ ಎಂಬ ವೈದ್ಯ ಲಸಿಕೆಯ ವಿರುದ್ಧ ಬರೆದ ಪುಸ್ತಕದಲ್ಲಿ ‘ಎತ್ತಿನ ಮೋರೆಯ ಹುಡುಗ’ನ ಚಿತ್ರ ಹಾಕಿದ. ನಗೆಗೆಂದು ಬರೆದ ರೂಪವೇ ಈಗ ವೈದ್ಯಕೀಯ ಸಾಕ್ಷಿಯ ವೇಷ ತೊಟ್ಟು ಬಂದಿತ್ತು. ಇದನ್ನು ಓದಿದಾಗ ನನಗೆ ನಿಜಕ್ಕೂ ಹೊಟ್ಟೆ ತೊಳಸಿತು. ಆ ಪುಸ್ತಕವನ್ನು ನಂಬಿದ ಮನೆಗಳಲ್ಲಿ ಮಕ್ಕಳಿದ್ದರಲ್ಲ.

ಆ ತೋಳಿನೊಳಗೆ ನಿಜವಾಗಿ ನಡೆಯುತ್ತಿದ್ದದ್ದು ಗಿಲ್ರೇಗೂ ತಿಳಿದಿರಲಿಲ್ಲ, ಜೆನ್ನರ್‌ಗೂ ತಿಳಿದಿರಲಿಲ್ಲ. ದನದ ಸಿಡುಬಿನ ವೈರಸ್ ಮತ್ತು ಮನುಷ್ಯನ ಸಿಡುಬಿನ ವೈರಸ್ ಒಂದೇ ಕುಟುಂಬದವು, ಅವುಗಳ ಹೊರಮೈಯ ಪ್ರೋಟೀನುಗಳಲ್ಲಿ ಹೋಲಿಕೆ ಇದೆ. ಸೌಮ್ಯವಾದ ದಾಯಾದಿಯನ್ನು ಒಮ್ಮೆ ಕಂಡ ರಕ್ಷಣಾ ಕೋಶಗಳು ಅದರ ಗುರುತನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತವೆ. ಮುಂದೆ ನಿಜವಾದ ಸಿಡುಬು ಬಂದಾಗ ಅದೇ ಚಹರೆ ಕಂಡು ಮೇಲೆ ಬೀಳುತ್ತವೆ. ಕಿಟಕಿಯ ಮುಂದಿನ ಜನ ಕೆಲವೇ ಗೆರೆಗಳಲ್ಲಿ ಪಿಟ್‌ನನ್ನು ಗುರುತಿಸಿದಂತೆ, ದೇಹವೂ ಹೋಲಿಕೆಯಿಂದಲೇ ಹಗೆಯನ್ನು ಗುರುತಿಸುತ್ತಿತ್ತು.

ಅಚ್ಚು ಲಂಡನ್ನಿನಲ್ಲಿ ಹೊರಬಿದ್ದ ಎರಡೇ ದಿನಕ್ಕೆ, 1802ರ ಜೂನ್ 14ರಂದು, ಮುಂಬೈಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಲಸಿಕೆ ಹಾಕಿದರು. ಭಾರತದಲ್ಲಿ ಯಶಸ್ವಿಯಾದ ಮೊದಲ ಲಸಿಕೆ ಅದು. ಬಾಗ್ದಾದ್, ಬಸ್ರಾ ದಾಟಿ, ತೋಳಿನಿಂದ ತೋಳಿಗೆ ಹಾಯುತ್ತಾ ಅದು ಇಲ್ಲಿಗೆ ಬಂದಿತ್ತು. ಮೈಸೂರಿಗೂ ತಲುಪಿತು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಮೂವರು ಹೆಂಗಸರ ತೈಲಚಿತ್ರವೊಂದನ್ನು ಬರೆದ. ಅವರು ನರ್ತಕಿಯರೆಂದು ಬಹುಕಾಲ ತಿಳಿದಿದ್ದರು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಓದಿನ ಪ್ರಕಾರ ಅವರು ಮೈಸೂರು ಅರಮನೆಯವರು, ಬಲಗಡೆ ಇರುವವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ. ಲಸಿಕೆಗೆ ಜನ ಹೆದರಬಾರದೆಂದು ಬರೆಸಿದ ಚಿತ್ರವಿದು ಎಂಬುದು ಚಾನ್ಸೆಲರ್ ಅವರ ವಾದ. ಅದರಲ್ಲಿ ಊದಿದ ಮೈಯಿಲ್ಲ, ಕೋಡಿಲ್ಲ. ಮೈತುಂಬ ಒಡವೆ ತೊಟ್ಟ ಎಳೆಯ ರಾಣಿ ನೇರವಾಗಿ ನಮ್ಮನ್ನು ನೋಡುತ್ತಿದ್ದಾರೆ. ಸೆರಗು ಮುಚ್ಚಿರಬೇಕಾಗಿದ್ದ ಎಡತೋಳು ತೆರೆದಿದೆ, ಬಲಗೈಯ ಬೆರಳು ಅದರತ್ತ ಚಾಚಿದೆ, ನಮ್ಮಜ್ಜಿಯ ತೋಳಿನಲ್ಲಿ ಕಲೆಗಳಿದ್ದ ಅದೇ ಜಾಗದತ್ತ.