ಮುನಿಸು, ರಾಜಿ ಮತ್ತು ಐವತ್ತು ನಿಮಿಷ

"ಮಾತಾಡೋಕೆ ದುಡ್ಡು ಕೊಡೋದಾ? ನಮ್ಮನೆ ಜಗಲಿಗೆ ಬರೋಕೆ ಹೇಳು. ಕಾಫಿನೂ ಕೊಟ್ಟು ಪುಕ್ಕಟೆ ಕೇಳ್ತೀನಿ" ಅಂದರು ಚಿಕ್ಕಪ್ಪ. ಪರಿಚಯದ ಹುಡುಗಿಯೊಬ್ಬಳು ವಾರಕ್ಕೊಮ್ಮೆ ಥೆರಪಿಗೆ ಹೋಗುತ್ತಾಳೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

ಚಿಕ್ಕಪ್ಪ ಹೇಳಿದ್ದು ಅರ್ಧ ಸರಿ. ತಾಯತ ಕಟ್ಟಿಸಿ, ದೃಷ್ಟಿ ತೆಗೆಸಿ ಅನ್ನುವವರಿಗಿಂತ ಅವರು ಎಷ್ಟೋ ವಾಸಿ. ಆ ದಾರಿಯಲ್ಲಿ ವರ್ಷಗಟ್ಟಲೆ ಕಳೆದವರನ್ನು ನೋಡಿ ನನಗೆ ಸಿಟ್ಟು ಬಂದಿದೆ. ಚಿಕ್ಕಪ್ಪ ಕೊನೇಪಕ್ಷ ಮನುಷ್ಯರ ನಡುವೆ ಮದ್ದು ಹುಡುಕುತ್ತಾರೆ. ಆದರೆ ಹೇಳಿಕೊಂಡರೆ ಹಗುರಾಗುತ್ತೆ, ಅಲ್ಲಿಗೆ ಕೆಲಸ ಮುಗೀತು ಅಂದುಕೊಂಡಿದ್ದಾರೆ. ರಿಲೇಷನಲ್ ಸೈಕೋಥೆರಪಿ, ಅಂದರೆ ಸಂಬಂಧವನ್ನೇ ಮದ್ದು ಮಾಡಿಕೊಂಡ ಮನೋಚಿಕಿತ್ಸೆ, ಅಲ್ಲಿಗೆ ನಿಲ್ಲುವುದಿಲ್ಲ. ಹೇಳುವವರಿಗೂ ಕೇಳುವವರಿಗೂ ನಡುವೆ ಏಳುವ ಸಣ್ಣಪುಟ್ಟ ಮುನಿಸು ಮತ್ತು ಅದು ಸರಿಹೋಗುವ ಬಗೆ, ಅಲ್ಲೇ ಅದರ ಅಸಲಿ ಕೆಲಸ ನಡೆಯುವುದು.

ಇದು ಅರ್ಥವಾಗಬೇಕಾದರೆ ಮೊದಲು ಒಂದು ಕೂಸನ್ನು ನೋಡಬೇಕು.

1970ರ ದಶಕ, ಅಮೆರಿಕದ ಬಾಸ್ಟನ್. ಮನೋವಿಜ್ಞಾನಿ ಎಡ್ವರ್ಡ್ ಟ್ರಾನಿಕ್ ಮತ್ತು ಜೊತೆಗಾರರು ಕೆಲವು ತಿಂಗಳ ಕೂಸನ್ನು ಪುಟ್ಟ ಕುರ್ಚಿಯಲ್ಲಿ ಕೂರಿಸಿ, ಎದುರಿಗೆ ಅಮ್ಮನನ್ನು ಕೂರಿಸಿದರು. ಮೊದಲು ಇಬ್ಬರೂ ಎಂದಿನಂತೆ ಆಡುತ್ತಾರೆ. ಆಮೇಲೆ ಅಮ್ಮ ಮುಖವನ್ನು ಕಲ್ಲಿನಂತೆ ಮಾಡಿಕೊಂಡು ಸುಮ್ನೆ ನೋಡುತ್ತಿರಬೇಕು. ನಗುವಂತಿಲ್ಲ, ಮಾತಿಲ್ಲ. ಕೂಸು ಮೊದಲು ನಗುತ್ತದೆ. ಅದು ನಡೆಯದಿದ್ದಾಗ ಕೈಕಾಲು ಆಡಿಸಿ ಕರೆಯುತ್ತದೆ. ಮುಖ ತಿರುಗಿಸುತ್ತದೆ, ಮತ್ತೆ ಕದ್ದು ನೋಡುತ್ತದೆ. ಕೊನೆಗೆ ಕುರ್ಚಿಯಲ್ಲೇ ಕುಗ್ಗಿಹೋಗುತ್ತದೆ. ಇಷ್ಟೆಲ್ಲ ಎರಡು-ಮೂರು ನಿಮಿಷದಲ್ಲಿ. ಯಾರೂ ಹೊಡೆದಿಲ್ಲ, ಬೈದಿಲ್ಲ.

ಎಲ್ಲರೂ ನೆನಪಿಟ್ಟುಕೊಳ್ಳುವುದು ಈ ಕಲ್ಲು ಮುಖವನ್ನೇ. ನನಗೆ ಹಿಡಿಸಿದ್ದು ಟ್ರಾನಿಕ್ ಆಮೇಲೆ ಕಂಡುಕೊಂಡ ಇನ್ನೊಂದು ಸಂಗತಿ. ಚೆನ್ನಾಗಿರುವ ಅಮ್ಮ-ಮಗು ಕೂಡ ಒಬ್ಬರಿಗೊಬ್ಬರು ಹೊಂದಿಕೊಂಡಿರುವುದು ಸುಮಾರು ಶೇ 30ರಷ್ಟು ಹೊತ್ತು ಮಾತ್ರ! ಮಿಕ್ಕ ಹೊತ್ತೆಲ್ಲ ತಪ್ಪುವುದು, ಸರಿಮಾಡಿಕೊಳ್ಳುವುದು. ಕೂಸಿಗೆ ನಿದ್ದೆ ಬಂದಿರುತ್ತೆ, ಅಮ್ಮ ಗಿಲಕಿ ಆಡಿಸುತ್ತಿರುತ್ತಾಳೆ. ಕೂಸು ಮುಖ ಆಚೆ ಮಾಡುತ್ತೆ, ಅಮ್ಮ ತಡೆದು ದನಿ ಇಳಿಸುತ್ತಾಳೆ. ಇಂಥದ್ದು ದಿನಕ್ಕೆ ಅದೆಷ್ಟು ಸಲ ಆಗುತ್ತೋ. ಕೂಸು ಅದರಿಂದ ಕಲಿಯುವ ಪಾಠ ಒಂದೇ: ಕೆಟ್ಟರೂ ಸರಿಹೋಗುತ್ತೆ.

ಸಂಗೀತಗಾರರನ್ನು ಕೇಳಿ ನೋಡಿ. ಶ್ರುತಿ ಒಮ್ಮೆ ಸೇರಿಸಿಬಿಟ್ಟರೆ ಮುಗಿಯಲ್ಲ. ತಂತಿ ಇಳಿಯುತ್ತಲೇ ಇರುತ್ತದೆ, ಕಛೇರಿ ನಡುವೆಯೇ ಬಿರಡೆ ತಿರುಗಿಸುತ್ತಿರಬೇಕು. ಸೈಕಲ್ಲೂ ಅಷ್ಟೇ. ನೆಟ್ಟಗೆ ಹೋಗುತ್ತಿದ್ದೇವೆ ಅನ್ನಿಸುವಾಗಲೂ ನಿಜಕ್ಕೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ ಸರಿಮಾಡಿಕೊಳ್ಳುತ್ತಿರುತ್ತೇವೆ. ಬೀಳದವರಲ್ಲಿ ವಾಲದವರು ಯಾರೂ ಇಲ್ಲ.

ಸೈಕಲ್ಲಿನ ಮಾತು ಇನ್ನೊಂದು ಕಾರಣಕ್ಕೂ ಬೇಕು. ಸೈಕಲ್ ತುಳಿಯುವುದನ್ನು ಮೈ ನೆನಪಿಟ್ಟುಕೊಂಡಿರುತ್ತೆ, ಮಾತು ಅಲ್ಲ. ಎಳವೆಯ ಏಟುಗಳದ್ದೂ ಬಹುಪಾಲು ಹೀಗೇ. ಕೆಟ್ಟದ್ದು ಸರಿಹೋಗದ ಮನೆಯಲ್ಲಿ, ಅಪ್ಪ ಸಿಡುಕಿದರೆ ಎರಡು ದಿನ ಯಾರೂ ಉಸಿರೆತ್ತದ ಮನೆಯಲ್ಲಿ ಬೆಳೆದವರ ಮೈಗೆ ಬೇರೆಯೇ ಪಾಠ ಕೂತಿರುತ್ತೆ: ನಗುತ್ತಿರು, ಏನೂ ಕೇಳಬೇಡ. ಅವರಿಗೆ ನಲವತ್ತಾದ ಮೇಲೆ ನಾವು "ಮನಸ್ಸು ಗಟ್ಟಿ ಮಾಡ್ಕೋ" ಅಂತೀವಿ. ದಡದಲ್ಲಿ ಕೂತು ಈಜಿನ ಉಪನ್ಯಾಸ ಕೊಟ್ಟ ಹಾಗೆ. ನೀರಿಗೆ ಇಳಿಯಬೇಕು, ಜೊತೆಗೆ ಈಜು ಬಲ್ಲವರೊಬ್ಬರು ಇಳಿಯಬೇಕು.

ಆ ನೀರು ಅಂದರೆ ಥೆರಪಿಯ ಕೋಣೆ, ಒಂದು ಭೇಟಿಯ ಐವತ್ತು ನಿಮಿಷ. ಹೀಗೊಂದು ಸಂದರ್ಭ ಇಟ್ಟುಕೊಳ್ಳಿ. ಥೆರಪಿಸ್ಟ್ ಏಳು ನಿಮಿಷ ತಡವಾಗಿ ಬಂದರು. ಕಾಯುತ್ತಿದ್ದ ಹೆಂಗಸು ನಗುನಗುತ್ತಾ, "ಪರವಾಗಿಲ್ಲ ಮೇಡಂ, ನಿಮಗೆ ಎಷ್ಟೊಂದು ಕೆಲಸ ಇರುತ್ತೆ" ಅಂದರು. ಅಂದವರೇ ಬ್ಯಾಗನ್ನು ಮಡಿಲಿಗೆ ಒತ್ತಿ ಹಿಡಿದುಕೊಂಡರು. ಬೇರೆ ಕಡೆಯಾದರೆ ಮಾತು ಅಲ್ಲಿಗೆ ಮುಗಿಯಿತು. ಇಲ್ಲಿ ಥೆರಪಿಸ್ಟ್ ಹೇಳುತ್ತಾರೆ: "ತಡ ಮಾಡಿದ್ದು ನನ್ನ ತಪ್ಪು. ನೀವು ಪರವಾಗಿಲ್ಲ ಅಂದ್ರಿ, ದನಿ ಮಾತ್ರ ಸಣ್ಣದಾಯ್ತು. ಬೇಜಾರಾಯ್ತಾ?" ತುಂಬಾ ಹೊತ್ತು ಮೌನ. ಆಮೇಲೆ, "ಸ್ವಲ್ಪ. ಇವತ್ತು ನಾನು ಬರೋದೇ ಮರೆತುಬಿಟ್ರೇನೋ ಅನ್ನಿಸ್ತು." ಆ "ಸ್ವಲ್ಪ" ಇದೆಯಲ್ಲ, ಅದು ಬಾಯಿಂದ ಬರೋಕೆ ಕೆಲವೊಮ್ಮೆ ತಿಂಗಳುಗಳೇ ಬೇಕು. ಅದನ್ನು ಹೇಳಿದ ಮೇಲೂ ಎದುರಿಗಿದ್ದವರು ಸಿಡುಕಲಿಲ್ಲ, ಎದ್ದು ಹೋಗಲಿಲ್ಲ. ಹಳೆಯ ಪಾಠಕ್ಕೆ ಬಿರುಕು ಬೀಳುವುದು ಇಲ್ಲಿ.

ಥೆರಪಿಸ್ಟ್ ತಪ್ಪೊಪ್ಪಿಕೊಳ್ಳುವುದು ಇವತ್ತು ದೊಡ್ಡ ಮಾತಲ್ಲ. ಆದರೆ ಇದಕ್ಕೊಂದು ನೋವಿನ ಚರಿತ್ರೆಯಿದೆ. 1912ರಲ್ಲಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ಬರೆದದ್ದು, ವೈದ್ಯ ಕನ್ನಡಿಯಂತಿರಬೇಕು, ತನ್ನದೇನನ್ನೂ ತೋರಿಸಬಾರದು ಎಂದು. ಅದನ್ನು ಅಕ್ಷರಶಃ ಪಾಲಿಸಿದರೆ ರೋಗಿಗೆ ಕಾಣುವುದು ಮತ್ತದೇ ಕಲ್ಲು ಮುಖ, ಅಲ್ವಾ? ಇದನ್ನು ಮೊದಲು ಗಟ್ಟಿಯಾಗಿ ಕೇಳಿದವರು ಫ್ರಾಯ್ಡ್‌ರ ಆಪ್ತ ಶಿಷ್ಯ, ಬುಡಾಪೆಸ್ಟ್‌ನ ಶಾಂಡೋರ್ ಫೆರೆಂಚಿ. 1932ರ ಸೆಪ್ಟೆಂಬರಿನಲ್ಲಿ ಜರ್ಮನಿಯ ವೀಸ್‌ಬಾಡೆನ್‌ನಲ್ಲಿ ಅವರು ಓದಿದ ಪ್ರಬಂಧದ ಸಾರ ಇಷ್ಟು: ಮಕ್ಕಳ ಮೇಲೆ ದೊಡ್ಡವರ ದೌರ್ಜನ್ಯ ನಿಜವಾಗಿ ನಡೆಯುತ್ತದೆ. ಏನೂ ನಡೆದೇ ಇಲ್ಲ ಎಂಬಂತೆ ದೊಡ್ಡವರು ಇದ್ದುಬಿಟ್ಟರೆ ಗಾಯ ಇನ್ನೂ ಆಳವಾಗುತ್ತದೆ. ತನ್ನ ತಪ್ಪನ್ನು ಮುಚ್ಚಿಕೊಳ್ಳುವ ವೈದ್ಯನೂ ಅದನ್ನೇ ಮಾಡುತ್ತಾನೆ. ಫ್ರಾಯ್ಡ್‌ರಿಗೆ ಇದು ಹಿಡಿಸಲಿಲ್ಲ, ಪ್ರಕಟಿಸಬೇಡಿ ಅಂದರು. ಮರುವರ್ಷ ಮೇ ತಿಂಗಳಲ್ಲಿ ಫೆರೆಂಚಿ ತೀರಿಕೊಂಡರು. ಪ್ರಬಂಧ ಇಂಗ್ಲಿಷಿನಲ್ಲಿ ಬಂದದ್ದು 1949ರಲ್ಲಿ. ಆ ಎಳೆ ಹಿಡಿದು 1980ರ ದಶಕದಲ್ಲಿ ಮನೋವಿಶ್ಲೇಷಕ ಸ್ಟೀಫನ್ ಮಿಚೆಲ್ ಮತ್ತಿತರರು ನ್ಯೂಯಾರ್ಕಿನಲ್ಲಿ ಈ ರಿಲೇಷನಲ್ ಪಂಥವನ್ನು ಕಟ್ಟಿದರು.

ನಮ್ಮ ದೇಶದಲ್ಲೂ ಒಂದು ಯೋಚನೆ ನಡೆದಿತ್ತು. ಮನೋವೈದ್ಯರೂ ಪಂಜಾಬಿ ಕವಿಯೂ ಆಗಿದ್ದ ಜಸ್ವಂತ್ ಸಿಂಗ್ ನೇಕಿ 1973ರಲ್ಲಿ, ಭಾರತೀಯರ ಚಿಕಿತ್ಸೆಗೆ ಗುರು-ಶಿಷ್ಯರ ನಂಟೇ ಮಾದರಿಯಾಗಬಹುದು ಎಂದು ಬರೆದರು. ಒಳ್ಳೆಯ ಯೋಚನೆಯೇ. ಆದರೆ ಶಿಷ್ಯನೆದುರು "ತಪ್ಪು ನನ್ನದು" ಅಂದ ಗುರುವನ್ನು ನಾನಂತೂ ಕಂಡಿಲ್ಲ.

ಸರಿ, ಪುರಾವೆ? 2018ರಲ್ಲಿ ಸಂಶೋಧಕ ಕ್ರಿಸ್ಟೋಫ್ ಫ್ಲೂಕಿಗರ್ ಮತ್ತು ಜೊತೆಗಾರರು 295 ಅಧ್ಯಯನಗಳನ್ನು, 30,000ಕ್ಕೂ ಹೆಚ್ಚು ರೋಗಿಗಳ ಲೆಕ್ಕವನ್ನು ಒಟ್ಟು ಮಾಡಿ ನೋಡಿದರು. ಯಾವ ಪದ್ಧತಿಯ ಥೆರಪಿಯೇ ಇರಲಿ, ಇಬ್ಬರ ನಡುವಿನ ಹೊಂದಾಣಿಕೆ ಚೆನ್ನಾಗಿದ್ದರೆ ಫಲಿತಾಂಶವೂ ಚೆನ್ನಾಗಿತ್ತು. ಫಲಿತಾಂಶದ ಏರುಪೇರಿನಲ್ಲಿ ಇದರ ಪಾಲು ಶೇ 8ರ ಆಸುಪಾಸು. ಇಷ್ಟೇನಾ ಅನ್ನಬೇಡಿ. ಮನಸ್ಸಿನ ವಿಷಯದಲ್ಲಿ ಒಂದೇ ಸಂಗತಿಗೆ ಇಷ್ಟು ಪಾಲು ಸಿಗುವುದು ಕಡಿಮೆ ಅಲ್ಲ. ಹಾಗಂತ ಮಾತ್ರೆ ಬೇಕಾದವರಿಗೆ ಮಾತ್ರೆಯೇ ಬೇಕು. ತೀರಾ ತಡೆಯಲಾಗದ ರಾತ್ರಿಗಳಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಒಡೆದ ಹಾಲು, ಮುರಿದ ಮನಸ್ಸು ಮತ್ತೆ ಕೂಡುವುದಿಲ್ಲ ಅಂತಾರೆ ನಮ್ಮ ಕಡೆ. ಹಾಲಿನ ಮಟ್ಟಿಗೆ ಮಾತು ಸರಿಯಿದೆ.

ಮೊನ್ನೆ ಇದನ್ನೆಲ್ಲ ಚಿಕ್ಕಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. "ಸರಿ, ನಿಮ್ಮ ಜಗಲಿಗೆ ಬಂದವರಿಗೆ ನಿಮ್ಮ ಮೇಲೇ ಬೇಜಾರಾದ್ರೆ ಏನ್ಮಾಡ್ತೀರಿ ಚಿಕ್ಕಪ್ಪಾ?" ಅಂದೆ.

"ನಾನು ಯಾರ ಹತ್ರಾನೂ ಜಗಳ ಆಡೋನಲ್ಲಪ್ಪ" ಅಂದರು. "ಎದ್ದು ಒಳಗೆ ಹೋಗ್ತೀನಿ."