ಸ್ಮಾರ್ಟ್ ಬೋರ್ಡಿಗಿಂತ ವಾಟ್ಸ್ಆ್ಯಪ್ ಹೋಮ್‌ವರ್ಕೇ ಜಾಸ್ತಿ: ತರಗತಿಯ ಸ್ಕ್ರೀನ್ ಜಗಳ ಬೆಳೆದ ಬಗೆ

ಚಿಕ್ಕಬಳ್ಳಾಪುರದ ಕಡೆ ಪೋಷಕರ ಸಭೆ ಅಂದರೆ ಮೊದಲು ಫೀಸು, ವ್ಯಾನು, ಮಾರ್ಕ್ಸು ಇಷ್ಟೇ. ಈಗ ಸ್ಕ್ರೀನೂ ಸೇರಿಕೊಂಡಿದೆ. "ಮನೇಲಿ ಫೋನ್ ಕೊಡಬೇಡಿ ಅಂತೀರಿ, ಶಾಲೇಲಿ ನೀವೇ ವಿಡಿಯೋ ಹಾಕ್ತೀರಿ" ಅನ್ನುವುದು ಪೋಷಕರ ದೂರು. "ಸ್ಮಾರ್ಟ್ ಕ್ಲಾಸ್ ಇದ್ಯಾ ಅಂತ ಅಡ್ಮಿಷನ್ ದಿನ ಕೇಳಿದ್ದು ನೀವೇ ಅಲ್ವಾ" ಅನ್ನುವುದು ಶಾಲೆಯವರ ಉತ್ತರ. ಎರಡೂ ನಿಜ.

ಶಾಲೆಗೆ ಯಂತ್ರ ಬಂದದ್ದು ನಿನ್ನೆ ಮೊನ್ನೆ ಅಲ್ಲ. ರೇಡಿಯೋದ 'ಕೇಳಿ ಕಲಿ', 2001ರ ಸುಮಾರಿನ 'ಮಾಹಿತಿ ಸಿಂಧು' ಕಂಪ್ಯೂಟರುಗಳು, 2004ರ, ಪಾಠ ಪ್ರಸಾರಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹ, ಆಮೇಲೆ ಪ್ರೊಜೆಕ್ಟರು, 2017ರ ದೀಕ್ಷಾ ಎಂಬ ಆನ್‌ಲೈನ್ ಪಾಠದ ವೇದಿಕೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್. ಇಷ್ಟಕ್ಕೂ ಯಾರೂ ತಕರಾರು ತೆಗೆದಿರಲಿಲ್ಲ. ತೆಗೆಯಲು ಕಾರಣವೂ ಇರಲಿಲ್ಲ. ಕರೆಂಟ್ ಇದ್ದಾಗ ಮೇಷ್ಟ್ರು ಇರುತ್ತಿರಲಿಲ್ಲ, ಮೇಷ್ಟ್ರು ಇದ್ದಾಗ ಯುಪಿಎಸ್ ಬ್ಯಾಟರಿ ಕೈಕೊಟ್ಟಿರುತ್ತಿತ್ತು. ಮುಖ್ಯವಾಗಿ, ಬೆಲ್ ಹೊಡೆದ ಮೇಲೆ ಆ ಯಂತ್ರ ಶಾಲೆಯಲ್ಲೇ ಉಳಿಯುತ್ತಿತ್ತು.

ಇದು ಬದಲಾದದ್ದು 2020ರಲ್ಲಿ. ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು, ಖಾಸಗಿ ಶಾಲೆಗಳು ಆನ್‌ಲೈನ್ ಕ್ಲಾಸ್ ಶುರು ಮಾಡಿದವು. ಆಗ ಸರ್ಕಾರಕ್ಕೂ ಇದೇ ಆತಂಕ ಇತ್ತು ಅನ್ನುವುದನ್ನು ಈಗ ಬಹಳ ಜನ ಮರೆತಿದ್ದಾರೆ. ಎಲ್‌ಕೆಜಿಯಿಂದ ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡ ಅಂತ ಜೂನ್ 15ಕ್ಕೆ ಆದೇಶ ಬಂತು. ಜೂನ್ 27ಕ್ಕೆ ಇನ್ನೊಂದು ಆದೇಶ ಬಂದು, ಇಷ್ಟು ಹೊತ್ತು ಮಾತ್ರ ಅಂತ ಮಿತಿ ಹಾಕಿ ಸ್ವಲ್ಪ ಸಡಿಲ ಮಾಡಿತು. ಕೆಲವು ಪೋಷಕರು, ಶಾಲೆಗಳು ಹೈಕೋರ್ಟಿಗೆ ಹೋದರು. ಜುಲೈ 8ರಂದು ಕೋರ್ಟು ಎರಡೂ ಆದೇಶಗಳಿಗೆ ತಡೆ ಕೊಟ್ಟಿತು. ಸರ್ಕಾರಿ ಆದೇಶದ ಮೂಲಕ ಶಿಕ್ಷಣದ ಹಕ್ಕು ಮೊಟಕು ಮಾಡಲು ಬರುವುದಿಲ್ಲ ಅನ್ನುವುದು ಅದರ ನಿಲುವು.

ಅದೇ ಆದೇಶದಲ್ಲಿ ಕೋರ್ಟು ಇನ್ನೊಂದು ಮಾತೂ ಹೇಳಿತ್ತು. ತಡೆ ಸಿಕ್ಕಿತು ಅಂತ ಶಾಲೆಗಳು ಆನ್‌ಲೈನ್ ಪಾಠ ಕಡ್ಡಾಯ ಮಾಡುವಂತಿಲ್ಲ, ಅದಕ್ಕೆ ಹೆಚ್ಚಿಗೆ ಫೀಸು ಕೇಳುವಂತೆಯೂ ಇಲ್ಲ. ಮೊದಲ ಅರ್ಧ ಊರೆಲ್ಲ ಹರಡಿತು, ಎರಡನೇ ಅರ್ಧ ಯಾಕೋ ಹರಡಲಿಲ್ಲ.

ಆ ಒಂದೂವರೆ ವರ್ಷ ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋನು. ಅಪ್ಪ ರೇಷ್ಮೆ ಗೂಡು ತಗೊಂಡು ಮಾರ್ಕೆಟ್ಟಿಗೆ ಹೊರಟರೆ ಫೋನೂ ಜೊತೆಗೆ ಹೊರಡುತ್ತಿತ್ತು. ಅವರು ವಾಪಸ್ ಬಂದ ಮೇಲೆ, ರಾತ್ರಿ, ಮಕ್ಕಳ 'ಕ್ಲಾಸ್'. ಸರ್ಕಾರಿ ಶಾಲೆಗಳಿಗೆ ಆಗಸ್ಟ್‌ನಲ್ಲಿ 'ವಿದ್ಯಾಗಮ' ಬಂತು. ಮೇಷ್ಟ್ರುಗಳೇ ಊರಿಗೆ ಹೋಗಿ ಅರಳಿಕಟ್ಟೆ, ದೇವಸ್ಥಾನದ ಜಗಲಿಯಲ್ಲಿ ಪಾಠ ಮಾಡಿದರು. ನನ್ನ ಕೇಳಿದರೆ ಆ ಕಾಲದ ಒಳ್ಳೆಯ ಯೋಚನೆ ಅದೇ. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ನಿಂತುಹೋಯಿತು. ಚಂದನ ವಾಹಿನಿಯಲ್ಲಿ ಪಾಠ ಬರುತ್ತಿತ್ತು, ಟಿವಿ ಇದ್ದ ಮನೆಯವರು ನೋಡಿದರು.

ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಮಕ್ಕಳು ಶಾಲೆಗೆ ಹೋದರು, ವಾಟ್ಸ್ಆ್ಯಪ್ ಗ್ರೂಪು ಮಾತ್ರ ಮನೆಯಲ್ಲೇ ಉಳಿಯಿತು. ಡೈರಿಯಲ್ಲಿ ಬರೆಸುತ್ತಿದ್ದ ಹೋಮ್‌ವರ್ಕು ಫೋನಿಗೆ ಬಂತು. ಪ್ರಾಜೆಕ್ಟಿಗೆ ಯೂಟ್ಯೂಬ್ ಲಿಂಕು, ಪದ್ಯ ಹೇಳಿದರೆ ವಿಡಿಯೋ ಮಾಡಿ ಕಳಿಸಿ. ಶಾಲೆಗೂ ಸಲೀಸು, ಪೋಷಕರಿಗೂ ಮೊದಮೊದಲು ಖುಷಿ. ಬೇಡ ಅಂತ ಯಾರೂ ಹೇಳಲಿಲ್ಲ, ಬೇಕು ಅಂತಲೂ ಯಾರೂ ಕೂತು ತೀರ್ಮಾನ ಮಾಡಲಿಲ್ಲ. ಹೋಮ್‌ವರ್ಕಿಗೆ ತೆಗೆದ ಫೋನು ರೀಲ್ಸಿಗೆ ಹೋಗಲು ಎಷ್ಟು ಹೊತ್ತು? ದೇಶದ ಹಳ್ಳಿಗಳಲ್ಲಿ ಸ್ಮಾರ್ಟ್‌ಫೋನ್ ಬಳಸಲು ಬರುವ 14ರಿಂದ 16 ವಯಸ್ಸಿನ ಮಕ್ಕಳ ಬಗ್ಗೆ 2024ರ 'ಅಸರ್' ಸಮೀಕ್ಷೆಯ ಲೆಕ್ಕ ಹೀಗಿದೆ: ಹಿಂದಿನ ಒಂದು ವಾರದಲ್ಲಿ ಸ್ಮಾರ್ಟ್‌ಫೋನನ್ನು ಓದಿನ ಕೆಲಸಕ್ಕೆ ಬಳಸಿದವರು ಶೇ 57, ಸೋಷಿಯಲ್ ಮೀಡಿಯಾಕ್ಕೆ ಬಳಸಿದವರು ಶೇ 76.

ಹಾಗಾಗಿ ಪೋಷಕರು 'ಸ್ಕ್ರೀನ್' ಅಂದಾಗ ಎರಡು ಬೇರೆ ವಿಷಯ ಒಂದರಲ್ಲೇ ಬೆರೆತಿರುತ್ತವೆ. ತರಗತಿಯ ಗೋಡೆಯಲ್ಲಿ ವಿಡಿಯೋ ತೋರಿಸುವ ಸ್ಮಾರ್ಟ್ ಬೋರ್ಡು ದೂರ ಇರುತ್ತದೆ, ಮೇಷ್ಟ್ರ ಕೈಯಲ್ಲಿರುತ್ತದೆ. ಫೋನು ಮೂಗಿನ ಹತ್ತಿರ, ಮಗುವಿನ ಕೈಯಲ್ಲಿ. ಹತ್ತಿರದ್ದನ್ನೇ ತುಂಬಾ ಹೊತ್ತು ನೋಡುವುದು, ಬಿಸಿಲಲ್ಲಿ ಆಡದಿರುವುದು, ಇವೆರಡೂ ಸಮೀಪದೃಷ್ಟಿಗೆ ದಾರಿ ಅಂತ ಕಣ್ಣಿನ ಡಾಕ್ಟರುಗಳು ಹೇಳುತ್ತಲೇ ಇದ್ದಾರೆ. ಅಂದ ಮಾತ್ರಕ್ಕೆ ಬೋರ್ಡಿಗೆ ಪೂರ್ತಿ ಮಾಫಿ ಇಲ್ಲ. ಬಾಗೇಪಲ್ಲಿ, ಗುಡಿಬಂಡೆ ಕಡೆ ಮಕ್ಕಳ ಮನೆಮಾತು ತೆಲುಗು, ಊರಿನ ವ್ಯವಹಾರ ಕನ್ನಡ, ಬೋರ್ಡಿನ ರೆಡಿಮೇಡ್ ವಿಡಿಯೋ ಇಂಗ್ಲಿಷಿನಲ್ಲಿ ಓಡುತ್ತದೆ. ಮೇಷ್ಟ್ರು ನಿಲ್ಲಿಸಿ ನಿಲ್ಲಿಸಿ ಹೇಳಿದರೆ ಪಾಠ, ಇಲ್ಲದಿದ್ದರೆ ಸುಮ್ನೆ ಸಿನಿಮಾ.

ನಿಮಿಷಗಳ ಲೆಕ್ಕ ಇಲ್ಲವೇ? ಒಂದು ಇದೆ. ಕೇಂದ್ರ 2020ರ ಜುಲೈನಲ್ಲಿ ತಂದ 'ಪ್ರಜ್ಞಾತಾ' ಮಾರ್ಗಸೂಚಿಯಲ್ಲಿ ಶಾಲಾಪೂರ್ವ ಮಕ್ಕಳ ಪೋಷಕರ ಜೊತೆ ಮಾತಾಡಲು ದಿನಕ್ಕೆ ಹೆಚ್ಚೆಂದರೆ 30 ನಿಮಿಷ, ಒಂದರಿಂದ ಎಂಟನೇ ತರಗತಿಗೆ ಹೆಚ್ಚೆಂದರೆ 30ರಿಂದ 45 ನಿಮಿಷದ ಎರಡು ಕ್ಲಾಸು ಅಂತ ಬರೆದಿತ್ತು. ಅದು ಶಾಲೆ ಮುಚ್ಚಿದ್ದ ಕಾಲದ ಲೆಕ್ಕ. ಶಾಲೆ ತೆರೆದ ಮೇಲೆ ಬೋರ್ಡು ಎಷ್ಟು ಹೊತ್ತು, ಮನೆಯ ಫೋನು ಎಷ್ಟು ಹೊತ್ತು ಅಂತ ಎರಡನ್ನೂ ಕೂಡಿಸಿ ನೋಡುವ ಕೆಲಸ ಯಾರ ಪಾಲಿಗೂ ಬಂದಿಲ್ಲ. ಅತ್ತ ಸ್ವೀಡನ್ 2023ರಲ್ಲೇ ಚಿಕ್ಕ ಮಕ್ಕಳ ಕೈಗೆ ಮತ್ತೆ ಮುದ್ರಿತ ಪುಸ್ತಕ ಕೊಡಲು ಹೊರಟಿತು.

ಇಲ್ಲಿ ಪೋಷಕರು ಕೇಳಬಹುದಾದದ್ದು ಅಷ್ಟು ದೊಡ್ಡದೇನಲ್ಲ. ಸರ್ಕಾರಿ ಶಾಲೆಯಲ್ಲಿ ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಇದೆ, ಅಲ್ಲಿ ವಿಷಯ ಇಡಬಹುದು. ಖಾಸಗಿ ಶಾಲೆಯಲ್ಲಿ ಟೈಮ್‌ಟೇಬಲ್ ಪಕ್ಕದಲ್ಲೇ ಬೋರ್ಡು ಎಷ್ಟು ಪೀರಿಯಡ್ ಆನ್ ಇರುತ್ತದೆ ಅಂತ ಬರೆದುಕೊಡಿ ಎನ್ನಬಹುದು. ಐದನೇ ತರಗತಿವರೆಗಾದರೂ ಹೋಮ್‌ವರ್ಕನ್ನು ಡೈರಿಯಲ್ಲೇ ಬರೆಸಿ ಎನ್ನಬಹುದು. ಇದಕ್ಕೆ ಯಾವ ಆದೇಶಕ್ಕೂ ಕಾಯಬೇಕಿಲ್ಲ, ಖರ್ಚೂ ಇಲ್ಲ.