ಮಗು ಯಾರ ಮನೆಯಲ್ಲಿ? ಆಫ್ರಿಕಾದ ಮಿಷನ್ ಕೆಲಸ: ಒಂದು ಅಧ್ಯಯನ ಟಿಪ್ಪಣಿ

ಆಫ್ರಿಕಾದಲ್ಲಿ ಕ್ರೈಸ್ತ ಮಿಷನ್‌ಗಳು ದಿಕ್ಕಿಲ್ಲದ ಮಕ್ಕಳಿಗಾಗಿ ಮಾಡಿದ ಕೆಲಸದ ಈ ಪಾಠ ಓದುವಾಗ ನಾನು ಮೊದಲು ಎಡವಿದ್ದು ಒಂದೇ ಒಂದು ಪದದಲ್ಲಿ. ಅನಾಥ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಮಗು ಅಂದುಕೊಂಡು ಅಂಕಿಗಳನ್ನೆಲ್ಲ ಬರೆದುಕೊಂಡಿದ್ದೆ. ಆಮೇಲೆ ಎಲ್ಲ ಹೊಡೆದುಹಾಕಬೇಕಾಯಿತು. ಯುನಿಸೆಫ್ ಲೆಕ್ಕದಲ್ಲಿ ಇಬ್ಬರಲ್ಲಿ ಒಬ್ಬರು ತೀರಿಕೊಂಡರೂ ಆ ಮಗು ಅನಾಥವೇ. 2015ರಲ್ಲಿ ಜಗತ್ತಿನಲ್ಲಿ ಇಂಥ ಮಕ್ಕಳು ಸುಮಾರು 14 ಕೋಟಿ, ಅವರಲ್ಲಿ ಸುಮಾರು 5.2 ಕೋಟಿ ಆಫ್ರಿಕಾದವರು ಎಂದು ಅದು ಹೇಳಿತು. ಆದರೆ ಇಬ್ಬರನ್ನೂ ಕಳೆದುಕೊಂಡವರು ಇಡೀ ಜಗತ್ತಿಗೆ ಸೇರಿ ಸುಮಾರು 1.5 ಕೋಟಿ. ಮಿಕ್ಕ ಮಕ್ಕಳಿಗೆ ಅಮ್ಮನೋ ಅಪ್ಪನೋ ಇದ್ದಾರೆ. ಇಬ್ಬರೂ ಇಲ್ಲದ ಎಷ್ಟೋ ಮಕ್ಕಳಿಗೂ ಅಜ್ಜಿ ಇದ್ದಾಳೆ.

ಹಾಗಾಗಿ ಈ ಪಾಠಕ್ಕೆ ನಾನು ಇಟ್ಟುಕೊಂಡ ಪ್ರಶ್ನೆ ಒಂದೇ. ಮಿಷನ್ ಸಹಾಯ ಮಾಡಲು ಬಂದಾಗ ಮಗುವನ್ನು ತನ್ನ ಕಟ್ಟಡಕ್ಕೆ ಕರೆದುಕೊಂಡು ಬಂತಾ, ಇಲ್ಲ ಮಗು ಇದ್ದ ಮನೆಗೆ ತಾನೇ ಹೋಯಿತಾ? ಮೂರು ಊರುಗಳ ಕಥೆ ಹಿಡಿದುಕೊಂಡರೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಅಜಾಯಿ ಎಂಬ ಹುಡುಗ

1821ರ ಸುಮಾರು. ಈಗಿನ ನೈಜೀರಿಯಾದಲ್ಲಿರುವ ಯೊರುಬಾ ನಾಡಿನ ಒಸೊಗುನ್ ಎಂಬ ಊರಿನ ಮೇಲೆ ಗುಲಾಮರನ್ನು ಹಿಡಿಯುವವರು ದಾಳಿ ಮಾಡಿದರು. ಸಿಕ್ಕಿಬಿದ್ದವರಲ್ಲಿ ಹನ್ನೆರಡು ಹದಿಮೂರರ ಒಬ್ಬ ಹುಡುಗ, ಅಜಾಯಿ. ಕೈಯಿಂದ ಕೈಗೆ ಮಾರಾಟವಾಗಿ ಕೊನೆಗೆ ಪೋರ್ಚುಗೀಸರ ಹಡಗು ಸೇರಿದ. 1822ರ ಏಪ್ರಿಲ್‌ನಲ್ಲಿ ಬ್ರಿಟಿಷ್ ನೌಕಾಪಡೆ ಆ ಹಡಗನ್ನು ಹಿಡಿದು, ಒಳಗಿದ್ದವರನ್ನು ಸಿಯೆರಾ ಲಿಯೋನ್‌ನಲ್ಲಿ ಇಳಿಸಿತು. ಅಲ್ಲಿ ಇಂಗ್ಲೆಂಡಿನ ಚರ್ಚ್ ಮಿಷನರಿ ಸೊಸೈಟಿಯ ಶಾಲೆ ಅವನನ್ನು ಸೇರಿಸಿಕೊಂಡಿತು. ಓದು ಕಲಿತ, ಬಡಗಿ ಕೆಲಸವನ್ನೂ ಕಲಿತ. 1825ರಲ್ಲಿ ದೀಕ್ಷಾಸ್ನಾನವಾಗಿ ಸ್ಯಾಮುಯೆಲ್ ಕ್ರೌಥರ್ ಎಂಬ ಹೆಸರು ಬಂತು. 1827ರಲ್ಲಿ ಶುರುವಾದ ಫೌರಾ ಬೇ ಕಾಲೇಜಿನ ಮೊದಲ ವಿದ್ಯಾರ್ಥಿಗಳಲ್ಲಿ ಅವನೂ ಒಬ್ಬ.

ಇಷ್ಟನ್ನು ಎಲ್ಲ ನೋಟ್ಸ್‌ಗಳಲ್ಲೂ ಬರೆದಿರುತ್ತಾರೆ. ಅನೇಕರು ಬಿಡುವುದು 1846ರ ಸಂಗತಿ. ಆಗ ಕ್ರೌಥರ್ ಪಾದ್ರಿಯಾಗಿ ಯೊರುಬಾ ನಾಡಿನ ಅಬೆಯೊಕುಟಾ ಊರಿಗೆ ಬಂದಿದ್ದರು. ಅಲ್ಲಿ ಅವರಿಗೆ ಅಮ್ಮ ಸಿಕ್ಕಳು! ಬೇರೆಯಾಗಿ ಸುಮಾರು ಇಪ್ಪತ್ತೈದು ವರ್ಷವಾಗಿತ್ತು. ಮಿಷನ್ ಶಾಲೆ ಇಷ್ಟು ವರ್ಷ ದಿಕ್ಕಿಲ್ಲದ ಹುಡುಗ ಎಂದು ಸಾಕಿದ ಮಗುವಿಗೆ ಅಮ್ಮ ಇದ್ದಳು, ಅಕ್ಕತಂಗಿಯರಿದ್ದರು. ಶಾಲೆಯದು ತಪ್ಪು ಅಂತಲ್ಲ. ಸಮುದ್ರ ತೀರದಲ್ಲಿ ಇಳಿಸಿದ ಮಕ್ಕಳ ಊರು ಹುಡುಕುವುದು ಆಗ ಯಾರ ಕೈಲೂ ಆಗುವ ಕೆಲಸವಾಗಿರಲಿಲ್ಲ.

1864ರಲ್ಲಿ ಕ್ರೌಥರ್ ಬಿಷಪ್ ಆದರು. ಆಂಗ್ಲಿಕನ್ ಸಭೆಯ, ಅಂದರೆ ಚರ್ಚಿನ, ಮೊದಲ ಆಫ್ರಿಕನ್ ಬಿಷಪ್. ಇದರ ಹಿಂದೆ ಇದ್ದವರು ಮಿಷನ್‌ನ ಕಾರ್ಯದರ್ಶಿ ಹೆನ್ರಿ ವೆನ್. ಸ್ಥಳೀಯ ಸಭೆ ತನ್ನ ಖರ್ಚು ತಾನೇ ನೋಡಿಕೊಳ್ಳಬೇಕು, ತನ್ನ ಆಡಳಿತ ತಾನೇ ನಡೆಸಬೇಕು, ಸುವಾರ್ತೆಯನ್ನೂ ತಾನೇ ಸಾರಬೇಕು, ಆಮೇಲೆ ಮಿಷನ್ ಅಲ್ಲಿಂದ ಹೊರಡಬೇಕು ಎಂಬುದು ಅವರ ಸೂತ್ರ. ಪರೀಕ್ಷೆಗೆ ಇದು ಬಂದೇ ಬರುತ್ತದೆ, ಮೂರನ್ನೂ ನೆನಪಿಟ್ಟುಕೊಳ್ಳಿ. ಆದರೆ ಆದದ್ದೇನು? ವೆನ್ ತೀರಿಕೊಂಡ ಮೇಲೆ ಗಾಳಿ ಬದಲಾಯಿತು. 1890ರ ಹೊತ್ತಿಗೆ ಇಂಗ್ಲೆಂಡಿನಿಂದ ಬಂದ ಹುಡುಗಪ್ರಾಯದ ಮಿಷನರಿಗಳು ಎಂಬತ್ತರ ಆಸುಪಾಸಿನ ಆ ಬಿಷಪ್ಪರ ಕೈಕೆಳಗಿನ ಕೆಲಸಗಾರರನ್ನು ವಜಾ ಮಾಡಿದರು, ಅವರ ಅಧಿಕಾರವನ್ನೂ ಕಿತ್ತುಕೊಂಡರು. 1891ರ ಡಿಸೆಂಬರ್ 31ರಂದು ಅವರು ತೀರಿಕೊಂಡರು. ಅವರ ಜಾಗಕ್ಕೆ ಬಂದದ್ದು ಯುರೋಪಿನವರು. ಹುಡುಗನನ್ನು ಸಾಕಿ ಬೆಳೆಸಲು ಮಿಷನ್ ಹಿಂದೆಮುಂದೆ ನೋಡಲಿಲ್ಲ. ಅದೇ ಹುಡುಗ ದೊಡ್ಡವನಾದಾಗ ಅವನ ಕೈಗೆ ಬೀಗದ ಕೈ ಕೊಡಲು ಮಾತ್ರ ಮನಸ್ಸು ಬರಲಿಲ್ಲ.

(ನಮ್ಮವರಿಗೆ ಒಂದು ಕೊಂಡಿ: ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್, ಅದಕ್ಕೆ ಆರು ವರ್ಷ ಮೊದಲೇ 1828ರಲ್ಲಿ ಗೋಲ್ಡ್ ಕೋಸ್ಟ್‌ಗೆ, ಅಂದರೆ ಈಗಿನ ಘಾನಾಕ್ಕೆ, ಹೋಗಿತ್ತು. ಇಲ್ಲಿ ಕಿಟೆಲ್ ಕನ್ನಡ ನಿಘಂಟು ಮಾಡಿದ ಹಾಗೆ ಅಲ್ಲಿ ಕ್ರಿಸ್ಟಾಲರ್ ಟ್ವಿ ಭಾಷೆಗೆ ಮಾಡಿದರು.)

ಕ್ಯಾಲಬಾರ್‌ನ ಜೋಲಿಗಳು

ಮೇರಿ ಸ್ಲೆಸ್ಸರ್ ಹುಟ್ಟಿದ್ದು 1848ರಲ್ಲಿ, ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ. ಅಪ್ಪ ಚಪ್ಪಲಿ ಹೊಲಿಯುವವನು, ಕುಡುಕ. ಆಮೇಲೆ ಸಂಸಾರ ಡಂಡೀ ನಗರಕ್ಕೆ ಹೋಯಿತು. ಹನ್ನೊಂದನೇ ವಯಸ್ಸಿಗೆ ಮೇರಿ ಗಿರಣಿಗೆ ಸೇರಿದಳು. ಅರ್ಧ ದಿನ ಕೆಲಸ, ಅರ್ಧ ದಿನ ಶಾಲೆ. ಅಂದರೆ ದುರ್ಬಲ ಮಕ್ಕಳ ಸೇವೆಗೆ ಹೊರಟ ಈಕೆ ತಾನೇ ಬಾಲಕಾರ್ಮಿಕಳಾಗಿದ್ದವಳು. ಇದನ್ನು ಮರೆತರೆ ಮುಂದಿನದು ಅರ್ಧವೇ ಅರ್ಥವಾಗುವುದು.

1876ರಲ್ಲಿ ಆಕೆ ಈಗಿನ ನೈಜೀರಿಯಾದಲ್ಲಿರುವ ಕ್ಯಾಲಬಾರ್‌ಗೆ ಮಿಷನರಿಯಾಗಿ ಬಂದಳು. ಆ ಮಿಷನ್ 1846ರಲ್ಲೇ ಶುರುವಾಗಿತ್ತು. ಶುರು ಮಾಡಿದ ಗುಂಪು ಜಮೈಕಾದಿಂದ ಬಂದದ್ದು, ಅದರಲ್ಲಿ ಕಪ್ಪು ಜನರೂ ಇದ್ದರು. ಮಿಷನ್ ಅಂದರೆ ಬರೀ ಬಿಳಿಯರ ಕೆಲಸ ಎಂದು ಸುಮ್ನೆ ಬರೆದುಬಿಡಬೇಡಿ.

ಆ ಸೀಮೆಯಲ್ಲಿ ಅವಳಿ ಮಕ್ಕಳು ಹುಟ್ಟಿದರೆ ಕೇಡು ಎಂಬ ನಂಬಿಕೆ ಇತ್ತು. ಎರಡರಲ್ಲಿ ಒಂದು ದುಷ್ಟಶಕ್ತಿಯ ಮಗು, ಯಾವುದೆಂದು ಗೊತ್ತಾಗುವುದಿಲ್ಲ, ಹಾಗಾಗಿ ಎರಡನ್ನೂ ಮಡಕೆಗೆ ತುಂಬಿ ಕಾಡಿನಲ್ಲಿ ಬಿಡುತ್ತಿದ್ದರು. ತಾಯಿಯನ್ನು ಊರಿಂದ ಓಡಿಸುತ್ತಿದ್ದರು. ಇಲ್ಲೊಂದು ಎಚ್ಚರಿಕೆ. ಇದನ್ನು 'ಆಫ್ರಿಕಾದ ಪದ್ಧತಿ' ಎಂದು ಬರೆದರೆ ತಪ್ಪು. ಈಗ ಅದೇ ನೈಜೀರಿಯಾದೊಳಗೇ ಇರುವ ಯೊರುಬಾ ಜನ ಅವಳಿಗಳೆಂದರೆ ಮನೆಗೆ ಬಂದ ಭಾಗ್ಯ ಅನ್ನುತ್ತಾರೆ.

ಮೇರಿ ಮಾಡಿದ್ದೇನು? ಸುದ್ದಿ ಸಿಕ್ಕ ಕೂಡಲೇ ಓಡುತ್ತಿದ್ದಳು. ಮಡಕೆಯಿಂದ ಮಗುವನ್ನು ಎತ್ತಿಕೊಂಡು ಮನೆಗೆ ತರುತ್ತಿದ್ದಳು. 1888ರಲ್ಲಿ ಆಕೆ ಒಳನಾಡಿನ ಒಕೊಯಾಂಗ್ ಜನರ ನಡುವೆ ಹೋಗಿ ನೆಲೆಸಿದ ಮೇಲೆ ಆ ಮನೆ ಅಂದರೆ ಮಣ್ಣಿನ ಗುಡಿಸಲು. ರಾತ್ರಿ ತನ್ನ ಹಾಸಿಗೆ ಸುತ್ತ ಜೋಲಿಗಳನ್ನು ಕಟ್ಟಿ ಕೂಸುಗಳನ್ನು ಮಲಗಿಸುತ್ತಿದ್ದಳಂತೆ. ಒಂದೊಂದು ಜೋಲಿಗೂ ಒಂದೊಂದು ದಾರ. ಯಾವುದು ಅತ್ತರೆ ಆ ದಾರ ಎಳೆದು ಮಲಗಿದಲ್ಲಿಂದಲೇ ತೂಗುವುದು. ನಮ್ಮ ಹಳ್ಳಿ ಮನೆಗಳಲ್ಲಿ ಒಂದು ಕೈ ಅಡುಗೆಯಲ್ಲಿ, ಇನ್ನೊಂದು ಕೈ ತೊಟ್ಟಿಲ ಹಗ್ಗದಲ್ಲಿ ಇರುತ್ತದಲ್ಲ, ಅದೇ ಉಪಾಯ.

ಅವಳದು ಆಶ್ರಮವಲ್ಲ, ಮನೆ. ಜೇನಿ ಎಂಬ ಅವಳಿ ಕೂಸನ್ನು ಮಗಳಾಗಿಯೇ ಸಾಕಿದಳು. 1898ರಲ್ಲಿ ಸ್ಕಾಟ್ಲೆಂಡಿಗೆ ಹೋದಾಗ ನಾಲ್ಕು ಹೆಣ್ಣುಮಕ್ಕಳನ್ನು ಜೊತೆಗೇ ಕರೆದುಕೊಂಡು ಹೋದಳು. ಎಫಿಕ್ ಭಾಷೆಯನ್ನು ಅಲ್ಲಿಯವರ ಹಾಗೇ ಮಾತಾಡುತ್ತಿದ್ದಳು. ಬೂಟು, ಟೋಪಿ ಎರಡೂ ಬಿಟ್ಟಿದ್ದಳು. ಜನ ಕರೆಯುತ್ತಿದ್ದದ್ದು 'ಮಾ' ಎಂದು.

ಒಂದು ತಕರಾರನ್ನೂ ಬರೆದುಕೊಳ್ಳಿ. 1892ರಲ್ಲಿ ಬ್ರಿಟಿಷ್ ಆಡಳಿತ ಆಕೆಗೆ ವೈಸ್ ಕಾನ್ಸಲ್, ಅಂದರೆ ಸರ್ಕಾರದ ಸ್ಥಳೀಯ ಪ್ರತಿನಿಧಿಯ ಹುದ್ದೆ ಕೊಟ್ಟಿತು. ಮಕ್ಕಳನ್ನು ತೂಗಿದ ಕೈಯೇ ಸಾಮ್ರಾಜ್ಯದ ಪರವಾಗಿ ನ್ಯಾಯ ತೀರ್ಮಾನವನ್ನೂ ಮಾಡಿತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ನುಂಗುವ ಪುಸ್ತಕಗಳು ಜಾಸ್ತಿ. ಆಕೆ 1915ರ ಜನವರಿಯಲ್ಲಿ ಅಲ್ಲೇ ತೀರಿಕೊಂಡಳು.

ಮೇರಿಯ ದಾರಿಯ ಮಿತಿ ಎಲ್ಲಿದೆ? ಒಬ್ಬಳು ಅಮ್ಮ ಎಷ್ಟು ದಾರ ಎಳೆಯಬಹುದು? ಹತ್ತು, ಹನ್ನೆರಡು. ಮಕ್ಕಳ ಸಂಖ್ಯೆ ಲಕ್ಷಕ್ಕೆ ಏರಿದರೆ?

ದೊಡ್ಡಪ್ಪ, ಚಿಕ್ಕಪ್ಪ ಇಲ್ಲದ ಊರು

ಲಕ್ಷಕ್ಕೆ ಏರಿದ್ದು ಏಡ್ಸ್ ಕಾಲದಲ್ಲಿ. ಜಿಂಬಾಬ್ವೆಯನ್ನೇ ನೋಡೋಣ. ಅಲ್ಲಿಯ ಶೋನಾ ಭಾಷೆಯ ಸಂಬಂಧವಾಚಕಗಳು ನಮಗೆ ಕಷ್ಟವೇ ಇಲ್ಲ. ಅಪ್ಪನ ಅಣ್ಣ 'ಬಾಬಾಮುಕುರು', ಅಕ್ಷರಶಃ ದೊಡ್ಡಪ್ಪ. ತಮ್ಮ 'ಬಾಬಾಮುನಿನಿ', ಚಿಕ್ಕಪ್ಪ. ಅಮ್ಮನ ಅಕ್ಕ 'ಮೈಗುರು', ದೊಡ್ಡಮ್ಮ. ತಂಗಿ 'ಮೈನಿನಿ', ಚಿಕ್ಕಮ್ಮ. ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ಅರ್ಧ ಪುಟ ಬೇಕು. ಇಷ್ಟು ಅಪ್ಪ ಅಮ್ಮಂದಿರು ಇರುವಾಗ ಒಬ್ಬ ಅಪ್ಪ ಹೋದರೂ ಮಗು ಬೀದಿಗೆ ಬೀಳುತ್ತಿರಲಿಲ್ಲ. ಸೋದರತ್ತೆಯೂ ಇದ್ದಳು. ಜೊತೆಗೆ 'ಜುಂಡೆ ರಾಮಾಂಬೊ' ಎಂಬ ಏರ್ಪಾಟು: ಊರ ಮುಖ್ಯಸ್ಥನ ಹೊಲದಲ್ಲಿ ಎಲ್ಲರೂ ದುಡಿದು ಬೆಳೆದ ಧಾನ್ಯ ಕಣಜಕ್ಕೆ ಹೋಗುತ್ತಿತ್ತು, ಕಷ್ಟ ಬಂದಾಗ ಗತಿಯಿಲ್ಲದವರಿಗೆ ಅದರಿಂದ ಅಳೆದು ಕೊಡುತ್ತಿದ್ದರು.

1990ರ ದಶಕದ ಕೊನೆಗೆ ಆ ದೇಶದ ವಯಸ್ಕರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಎಚ್‌ಐವಿ. ಅಪ್ಪನ ಹಿಂದೆ ದೊಡ್ಡಪ್ಪ, ದೊಡ್ಡಪ್ಪನ ಹಿಂದೆ ಚಿಕ್ಕಪ್ಪ ಹೋದರು. ಉಳಿದದ್ದು ಅಜ್ಜಿ. ಅಜ್ಜಿಯೂ ಇಲ್ಲದಿದ್ದರೆ ಹದಿನಾಲ್ಕರ ಹುಡುಗಿಯೇ ಯಜಮಾನಿ. ಮಕ್ಕಳೇ ನಡೆಸುವ ಇಂಥ ಮನೆಗಳು ಯಾಕೆ ಹುಟ್ಟಿದವು ಎಂಬುದಕ್ಕೆ ಬರೀ 'ನೆಂಟರಿಲ್ಲ' ಎಂಬ ಉತ್ತರ ಸಾಲದು. ಬೇರೆ ಬೇರೆ ಮನೆಗೆ ಹಂಚಿಹೋಗುತ್ತೇವೆ ಎಂಬ ಭಯಕ್ಕೆ ಎಷ್ಟೋ ಒಡಹುಟ್ಟಿದವರು ತಾವೇ ಒಟ್ಟಿಗೆ ಉಳಿದುಕೊಂಡರು. ಮನೆ ಬಿಟ್ಟರೆ ಅಪ್ಪನ ಹೊಲ ಕೈತಪ್ಪುತ್ತದೆ ಎಂಬ ಲೆಕ್ಕವೂ ಇತ್ತು. ಮಕ್ಕಳು ಪೆದ್ದರಲ್ಲ.

ಮುತಾರೆ ಎಂಬ ಗಡಿನಗರದಲ್ಲಿ ಮಕ್ಕಳ ಡಾಕ್ಟರ್ ಜೆಫ್ ಫಾಸ್ಟರ್ 1987ರಲ್ಲಿ ಒಂದು ಕ್ರೈಸ್ತ ಏಡ್ಸ್ ಸಂಸ್ಥೆ ಕಟ್ಟಿದರು. ಇಂಗ್ಲಿಷ್ ಹೆಸರಿನ ಮೊದಲಕ್ಷರ ಸೇರಿಸಿ ಅದನ್ನು ಫ್ಯಾಕ್ಟ್ ಅನ್ನುತ್ತಾರೆ. 1993ರಲ್ಲಿ ಅದು ಶುರು ಮಾಡಿದ ಮಕ್ಕಳ ಯೋಜನೆಯ ಹೆಸರು ಫೋಕಸ್. ಇದರ ವಿಶೇಷ ಏನೆಂದರೆ ಅನಾಥಾಶ್ರಮ ಕಟ್ಟಲಿಲ್ಲ. ಹಳ್ಳಿಯ ಸಭೆಗಳಲ್ಲಿ ಆಗಲೇ ಇದ್ದ ಹೆಂಗಸರ ಹತ್ತಿರ ಹೋದರು. ಜಿಂಬಾಬ್ವೆಯ ಮೆಥಡಿಸ್ಟ್ ಸಭೆಗಳಲ್ಲಿ 'ರುವಾಡ್ಜಾನೊ' ಎಂಬ ಹೆಂಗಸರ ಕೂಟ ಇರುತ್ತದೆ, ಗುರುವಾರ ಸೇರುತ್ತಾರೆ. ನಮ್ಮ ಸಭೆಗಳ ಸ್ತ್ರೀಯರ ಅನ್ಯೋನ್ಯ ಕೂಟ ನೋಡಿದವರಿಗೆ ಬೇರೆ ವಿವರಣೆ ಬೇಡ. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂದು ಇಂಥ ಹೆಂಗಸರಿಗೆ ಗೊತ್ತಿರುವಷ್ಟು ಯಾವ ಕಚೇರಿಗೂ ಗೊತ್ತಿರುವುದಿಲ್ಲ.

ಅವರ ಕೆಲಸ ಸರಳ. ತಮ್ಮ ಸುತ್ತಲಿನ ಅನಾಥ ಮಕ್ಕಳ ಮನೆಗಳನ್ನು ಪಟ್ಟಿ ಮಾಡುವುದು. ತೀರಾ ಕಷ್ಟದಲ್ಲಿರುವ ಮನೆಗಳಿಗೆ ಮತ್ತೆ ಮತ್ತೆ ಹೋಗುವುದು. ಮಗು ಶಾಲೆಗೆ ಹೋಯಿತಾ, ಕಂಬಳಿ ಇದೆಯಾ, ದೊಡ್ಡ ಹುಡುಗಿಯ ಹಿಂದೆ ಯಾರಾದರೂ ಬಿದ್ದಿದ್ದಾರಾ ಎಂದು ನೋಡುವುದು. ಬೇಕಾದರೆ ಮೆಕ್ಕೆಜೋಳದ ಬೀಜ, ಗೊಬ್ಬರ, ಶಾಲೆಯ ಫೀಸು. ದೊಡ್ಡ ದುಡ್ಡೇನಲ್ಲ. 1999ರಲ್ಲಿ ಜಿಂಬಾಬ್ವೆ ಸರ್ಕಾರವೂ ತನ್ನ ಅನಾಥ ಮಕ್ಕಳ ನೀತಿಯಲ್ಲಿ ಕುಟುಂಬ ಮೊದಲು, ಸಂಸ್ಥೆ ಕಟ್ಟಕಡೆಗೆ ಎಂದೇ ಬರೆಯಿತು.

ಇಲ್ಲಿ ಬೈಬಲ್ಲಿನ ಯಾಕೋಬನ ಪತ್ರಿಕೆ 1:27 ತೆಗೆದು ನೋಡಿ. ಅನಾಥರನ್ನೂ ವಿಧವೆಯರನ್ನೂ ಅವರ ಕಷ್ಟದಲ್ಲಿ ವಿಚಾರಿಸಿಕೊಳ್ಳುವುದೇ ನಿಜವಾದ ಭಕ್ತಿ ಎನ್ನುವ, ದಿಕ್ಕಿಲ್ಲದವರ ಬಗ್ಗೆ ಚರ್ಚಿನ ಎಲ್ಲ ಪ್ರಸಂಗಗಳಲ್ಲೂ ಬರುವ ವಚನ. 'ವಿಚಾರಿಸಿಕೊಳ್ಳು' ಎಂಬಲ್ಲಿಯ ಗ್ರೀಕ್ ಕ್ರಿಯಾಪದದ ಅರ್ಥ ಹೋಗಿ ಕಂಡು ವಿಚಾರಿಸಿಕೊಳ್ಳುವುದು. ಕರೆತಂದು ಇಟ್ಟುಕೊಳ್ಳುವುದು ಅಂತಲ್ಲ. ಬಿಷಪ್ ಎಂಬ ಪದ ಹುಟ್ಟಿದ್ದೂ ಅದೇ ಧಾತುವಿನಿಂದ. ಮುತಾರೆಯ ಸುತ್ತ ಆ ಕೆಲಸ ಮಾಡಿದವರು ಗುರುವಾರದ ಕೂಟದಂಥ ಕೂಟಗಳ ಹೆಂಗಸರು.

ಹಾಗಾದರೆ ಕಟ್ಟಡಗಳು ಯಾಕೆ ಏಳುತ್ತಲೇ ಇದ್ದವು?

ಕಟ್ಟಡಕ್ಕೆ ಫೋಟೋ ಇದೆ. ಉದ್ಘಾಟನೆಯ ಕಲ್ಲು ಇದೆ. ದೂರದ ಸಭೆಯವರು ಬಂದು ಎರಡು ವಾರ ಇದ್ದು ಗೋಡೆಗೆ ಬಣ್ಣ ಬಳಿಯಬಹುದು. ಅಜ್ಜಿಯ ಗುಡಿಸಲಿನಲ್ಲಿ ಇದಕ್ಕೆಲ್ಲ ಜಾಗ ಇಲ್ಲ. ಖರ್ಚು ನೋಡಿದರೆ ಉಲ್ಟಾ. ತಾಂಜಾನಿಯಾದ ಕಾಗೆರಾದಲ್ಲಿ ವಿಶ್ವ ಬ್ಯಾಂಕ್ ಲೆಕ್ಕ ಹಾಕಿದಾಗ ಒಂದು ಮಗುವನ್ನು ಸಂಸ್ಥೆಯಲ್ಲಿ ಇಟ್ಟುಕೊಳ್ಳಲು ವರ್ಷಕ್ಕೆ ಸುಮಾರು 1,000 ಡಾಲರ್, ಸಾಕುಮನೆಯ, ಅಂದರೆ ಮಗುವನ್ನು ಸಾಕಲು ಒಪ್ಪಿದ ಬೇರೆ ಸಂಸಾರದ, ಖರ್ಚಿನ ಸುಮಾರು ಆರು ಪಟ್ಟು. ಇನ್ನೊಂದು ಮಾತು 2009ರಲ್ಲಿ ಸೇವ್ ದ ಚಿಲ್ಡ್ರನ್ ಎಂಬ ಮಕ್ಕಳ ಸಂಸ್ಥೆ ಹೇಳಿದ್ದು: ಜಗತ್ತಿನ ಇಂಥ ಸಂಸ್ಥೆಗಳಲ್ಲಿರುವ ಐದು ಮಕ್ಕಳಲ್ಲಿ ಕನಿಷ್ಠ ನಾಲ್ವರಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಊಟ, ಶಾಲೆ ಎರಡೂ ಆಶ್ರಮದಲ್ಲೇ ಸಿಗುತ್ತದೆ ಅಂದರೆ ಬಡ ಅಮ್ಮ ಮಗುವನ್ನು ಅಲ್ಲಿಗೇ ಬಿಡುತ್ತಾಳೆ, ಅಲ್ವಾ?

ದುಡ್ಡಿನ ಈ ತೊಡಕು ಆಫ್ರಿಕಾದ ಸಭೆಯವರಿಗೆ ಮೊದಲೇ ಗೊತ್ತಿತ್ತು. 1971ರಲ್ಲಿ ಪೂರ್ವ ಆಫ್ರಿಕಾ ಪ್ರೆಸ್ಬಿಟೇರಿಯನ್ ಸಭೆಯ ಜಾನ್ ಗಾಟು ಅಮೆರಿಕದ ವೇದಿಕೆಯಲ್ಲೇ ನಿಂತು ಹೇಳಿದರು: ಕನಿಷ್ಠ ಐದು ವರ್ಷ ಮಿಷನರಿಗಳನ್ನು ಕಳಿಸಬೇಡಿ, ನಮ್ಮ ಕಾಲ ಮೇಲೆ ನಿಲ್ಲಲು ಬಿಡಿ. ಇದನ್ನೇ 'ಮೊರಟೋರಿಯಂ' ಚರ್ಚೆ ಅನ್ನುತ್ತಾರೆ. 1974ರಲ್ಲಿ ಜಾಂಬಿಯಾದ ಲುಸಾಕಾದಲ್ಲಿ ಅಖಿಲ ಆಫ್ರಿಕಾ ಸಭೆಗಳ ಸಮ್ಮೇಳನವೂ ಇದನ್ನು ಕೈಗೆತ್ತಿಕೊಂಡಿತು. ಪೂರ್ತಿ ಜಾರಿಗೆ ಬರಲಿಲ್ಲ. ಪಾದ್ರಿಗಳ ಸಂಬಳ, ಆಸ್ಪತ್ರೆ, ಶಾಲೆ ಎಲ್ಲ ಆ ಹಣದ ಮೇಲೇ ನಿಂತಿದ್ದವು. ವೆನ್ ಅವರ ಮೂರು ಸೂತ್ರ, ಕ್ರೌಥರ್ ಅವರ ಕೊನೆಯ ವರ್ಷಗಳು, ಗಾಟು ಅವರ ಮಾತು, ಮೂರನ್ನೂ ಒಂದೇ ಉತ್ತರದಲ್ಲಿ ಪೋಣಿಸಿದರೆ ಒಳ್ಳೆ ಅಂಕ ಬರುತ್ತದೆ.

ಕೊನೆಗೆ ರುವಾಂಡಾ. 1994ರ ನರಮೇಧದ ನಂತರ ಅಲ್ಲಿ ಅನಾಥಾಲಯಗಳು ತುಂಬಿಹೋದವು. ಅವುಗಳಲ್ಲಿ ಎಷ್ಟೋ ಸಭೆಗಳವು, ಕನ್ಯಾಮಠಗಳವು. 2012ರ ಹೊತ್ತಿಗೆ 33 ಸಂಸ್ಥೆಗಳಲ್ಲಿ ಇನ್ನೂ ಸುಮಾರು 3,300 ಮಕ್ಕಳಿದ್ದರು. ಆ ವರ್ಷ ಸರ್ಕಾರ ಮಕ್ಕಳನ್ನು ಮನೆಗೆ ಕಳಿಸುವ ನಿರ್ಧಾರ ಮಾಡಿತು. ಕಾರ್ಯಕ್ರಮದ ಹೆಸರೇ 'ಮಕ್ಕಳನ್ನು ಕುಟುಂಬದಲ್ಲಿ ಬೆಳೆಸೋಣ' ಎಂಬ ಅರ್ಥದ ಕಿನ್ಯರ್ವಾಂಡಾ ಮಾತು. ಸುಮ್ನೆ ಬಾಗಿಲು ಹಾಕಿದ್ದಲ್ಲ. ಒಂದೊಂದು ಮಗುವಿನ ನೆಂಟರನ್ನು ಹುಡುಕಿದರು. ನೆಂಟರು ಸಿಗದಿದ್ದರೆ ಸಾಕುಮನೆ ನೋಡಿದರು. ಮಗುವನ್ನು ಕಳಿಸಿದ ಮೇಲೂ ಆ ಮನೆಗೆ ಹೋಗಿ ನೋಡಿ ಬರುತ್ತಿದ್ದರು. ಹಳ್ಳಿ ಹಳ್ಳಿಯಲ್ಲಿ ಇದಕ್ಕೆಂದೇ 'ಕುಟುಂಬದ ಗೆಳೆಯರು' ಎಂಬ ಸ್ವಯಂಸೇವಕರನ್ನು ಆರಿಸಿದರು. ಖಾಲಿಯಾದ ಕೆಲವು ಕಟ್ಟಡಗಳಲ್ಲಿ ಈಗ ಶಿಶುವಿಹಾರ ನಡೆಯುತ್ತದೆ. ಬೆಳಿಗ್ಗೆ ಮಕ್ಕಳು ಬರುತ್ತಾರೆ, ಆಟ ಊಟ ಮುಗಿಸಿ ಸಂಜೆ ಮನೆಗೆ ಹೋಗುತ್ತಾರೆ.